ಜಗಲಿಯ ಎರಡು ಪಟಗಳು

ನಮ್ಮ ಮನೆಯ ಜಗಲಿಯ ಗೋಡೆಯಲ್ಲಿ ಎರಡು ಪಟಗಳು ಅಕ್ಕಪಕ್ಕದಲ್ಲಿ ತೂಗುತ್ತಿವೆ. ಒಂದು ನನ್ನ ತಾಯಿಯ ತಂದೆಯವರದು. ಕಚ್ಚೆಪಂಚೆ, ಕೋಟು, ರುಮಾಲುಗಳನ್ನು ಧರಿಸಿ ಕುರ್ಚಿಯ ಮೇಲೆ ನೆಟ್ಟಗೆ ಕುಳಿತಿರುವ ಅಜ್ಜಯ್ಯನವರ ಮುಖವು ಅದರಲ್ಲಿ ಬೆಣ್ಣೆಯಂತೆ ನುಣುಪಾಗಿದೆ. ಇನ್ನೊಂದು ಒಂದು ಕಪ್ಪೆಯದು. ಮನೆಗೆ ಬಂದ ನೆಂಟರು ಮೊದಲನೆಯದಕ್ಕೆ ಕೈಮುಗಿಯುತ್ತಾರೆ. ಎರಡನೆಯದನ್ನು ನೋಡಿ ನಗುತ್ತಾರೆ. ‘ಹಿರಿಯರ ಪಕ್ಕದಲ್ಲಿ ಕಪ್ಪೆಯನ್ನು ಕೂರಿಸಿದ್ದೀರಲ್ಲ!’ ಎಂದು ಬಾಯಿಬಿಟ್ಟು ಕೇಳಿದವರೂ ಉಂಟು. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಹೇಳಿ ತೀರಿಸುವಂಥ ಉತ್ತರ ಅದಕ್ಕಿಲ್ಲ. ಸಾವಧಾನವಾಗಿ ಓದುವ ವಾಚಕರ ಮುಂದಾದರೂ ಅದನ್ನು ಇಡೋಣವೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ನಮ್ಮ ಹಿರೇಕೊಡಿಗೆಯು ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲ್ಲೂಕಿಗೆ ಸೇರಿದ ಮಲೆನಾಡಿನ ಊರು. ಕುವೆಂಪು ಅವರು ೧೯೦೪ನೆಯ ಇಸವಿ ಡಿಸೆಂಬರು ೨೯ರಂದು ಹುಟ್ಟಿದುದು ಇಲ್ಲಿಯೇ, ತಮ್ಮ ತಾಯಿಯ ತವರಿನಲ್ಲಿ. ಆದುದರಿಂದ ಊರಿನ ಹೆಸರನ್ನು ಕೇಳಿಬಲ್ಲವರು ನಾಡಿನಲ್ಲಿ ಹಲವರಿದ್ದಾರೆ. ಆದರೆ ಊರನ್ನು ನಿಜವಾಗಿ ಅರಿಯಬೇಕೆನ್ನುವವರು ಆರಿದ್ರಾ ಪುನರ್ವಸು ಮಳೆಗಳ ಕಾಲದಲ್ಲಿ ಇಲ್ಲಿ ಒಂದು ರಾತ್ರಿಯನ್ನು ಕಳೆಯಬೇಕು. ಆಗ ದೀಪವಾರಿಸಿದರೆ ಕಣ್ಣಿಗೆ ಏನೂ ಇಲ್ಲ. ಕಿವಿಗೆ ಎಲ್ಲವೂ ಇದೆ. ಹೆಂಚಿನ ಮೇಲೆ ಮಳೆಯ ಸದ್ದು, ತೋಟದ ಕಪ್ಪಿನಲ್ಲಿ ನೀರು ಹರಿಯುವ ಸದ್ದು, ಇವೆರಡರ ನಡುವೆ, ಒಣಗಿದ ಮರವನ್ನು ಬೆರಳಿನಿಂದ ತಟ್ಟಿದಂತೆ, ತೋಟದ ಕೆರೆಯ ಕಡೆಯಿಂದ ‘ಟಕ್, ಟಕ್’ ಎಂದು ನೂರಾರು ಕೂಗುಗಳು.

ಮೂರು ವರ್ಷಗಳ ಹಿಂದೆ ಒಂದು ರಾತ್ರಿ ಊಟವಾದ ಮೇಲೆ ಆ ಕೂಗನ್ನು ಕೇಳುತ್ತ ಕುಳಿತಿದ್ದಾಗ ನನ್ನ ತಾಯಿ ಇದ್ದಕ್ಕಿದ್ದಂತೆ, “ಅರುವತ್ತು ಮಳೆಗಾಲ ಈ ಕೂಗು ಕೇಳ್ಕೊಂಡೇ ಮಲಗಿದ್ದೀನಿ. ಕೂಗೋದು ಯಾವುದು ಅಂತ ಒಂದು ಸಲಾನೂ ಕಣ್ಣಾರೆ ನೋಡಲಿಲ್ಲ ನೋಡು” ಎಂದರು. ಹೌದು, ಮಳೆಗಾಲದ ರಾತ್ರಿಯಲ್ಲಿ ತೋಟದ ಕೆರೆಗೆ ಹೋಗುವ ಪ್ರಮೇಯ ನಮ್ಮ ಮನೆಯ ಹೆಂಗಸರಿಗೆ ಎಂದು ತಾನೆ ಬಂದೀತು? ಹಗಲಿನಲ್ಲಿ ಕೆರೆಯ ಮೇಲಕ್ಕೆ ಬಾಗಿದ ಎಲೆಗಳಲ್ಲಿ ಅಂಟಿಕೊಂಡಿರುವ ಬಿಳಿಯ ನೊರೆಯ ಮುದ್ದೆಗಳನ್ನು ಅವರು ಕಂಡಿದ್ದರು. ಆ ನೊರೆಯನ್ನು ಮಾಡಿದವರು ಯಾರೆಂಬುದು ಅವರ ಪಾಲಿಗೆ ಒಂದು ಜೀವಮಾನದ ಒಗಟಾಗಿ ಉಳಿದಿತ್ತು. ಈಗ ಅವರಿಗೆ ಎಂಬತ್ತು ದಾಟಿದೆ. ಆಗ ಎರಡು ಕಣ್ಣುಗಳಿಗೂ ಪೊರೆ ಬಂದಿತ್ತು. ಕರೆದುಕೊಂಡು ಹೋಗಿ ತೋರಿಸುವಂತಿರಲಿಲ್ಲ. ಮೇಷ್ಟರ ಕೆಲಸದಿಂದ ನಿವೃತ್ತನಾದಾಗ ಮಗಳು ಕೊಡಿಸಿದ್ದ ಕ್ಯಾಮೆರಾ ಒಂದು ಪೆಟ್ಟಿಗೆಯಲ್ಲಿ ಬೂಷ್ಟು ಹಿಡಿಯುತ್ತ ಬಿದ್ದಿತ್ತು. ‘ಪಟವನ್ನು ತೆಗೆದು ತೋರಿಸುತ್ತೇನೆ, ಇರಿ’ ಎಂದು ನಾನು ಮಾತು ಕೊಟ್ಟೆ. ಎಲ್ಲವೂ ಆ ಮಾತಿನಿಂದ ಮೊದಲಾಯಿತು.

ನೊರೆಯ ಗೂಡನ್ನು ಕಟ್ಟುವ ಈ ಪ್ರಾಣಿಯು ಹಾರುವ ಕಪ್ಪೆ. ೧೮೭೦ರಲ್ಲಿ ಜೆರ್ಡನ್ ಎಂಬ ಪ್ರಾಣಿಶಾಸ್ತ್ರಜ್ಞನು ಇದನ್ನು ಮೊದಲು ಶಾಸ್ತ್ರೀಯವಾಗಿ ವರ್ಣಿಸಿ, ಮಲಬಾರಿನ ಹೆಸರನ್ನಿಟ್ಟನು. ಪಶ್ಚಿಮ ಘಟ್ಟದ ಹೊರತು ಬೇರೆಲ್ಲಿಯೂ ಇದು ಇಲ್ಲ. ಮೈ ಎಳೆಯ ಬಾಳೆಯೆಲೆಯ ಹಸುರು. ಬೆರಳುಗಳ ನಡುವಣ ಪೊರೆ ಕಿತ್ತಳೆಗೆಂಪು. ಮರದಿಂದ ಕೆಳಗೆ ನೆಗೆಯುವಾಗ ಆ ಪೊರೆಗಳನ್ನು ಕೊಡೆಯಂತೆ ಬಿಡಿಸಿ ಗಾಳಿಯಲ್ಲಿ ಜಾರುತ್ತ ಇಳಿಯುತ್ತದೆ. ಹೆಣ್ಣು ಗಂಡಿಗಿಂತ ದೊಡ್ಡದು. ಮಳೆ ಹಿಡಿದ ಮೇಲೆ ಹೆಣ್ಣು ನೀರಿನ ಮೇಲಕ್ಕೆ ಚಾಚಿದ ಎಲೆಯೊಂದನ್ನು ಆರಿಸಿಕೊಂಡು, ಬೆನ್ನ ಮೇಲೆ ಗಂಡನ್ನು ಹೊತ್ತು, ಮೈಯಿಂದ ಸ್ರವಿಸಿದ ದ್ರವವನ್ನು ಹಿಂಗಾಲುಗಳಿಂದ ಕಡೆದು ಕಡೆದು ನೊರೆಯೆಬ್ಬಿಸಿ ಅದರೊಳಗೆ ಮೊಟ್ಟೆಗಳನ್ನಿಡುತ್ತದೆ. ನಮ್ಮ ಹೆಂಗಸರು ಮೊಸರು ಕಡೆಯುವುದಕ್ಕೂ ಇದಕ್ಕೂ ಹೆಚ್ಚು ಭೇದವಿಲ್ಲ. ನೊರೆಯ ಹೊರಮೈ ಗಟ್ಟಿಯಾಗಿ ಒಳಗಿನ ತೇವವನ್ನು ಕಾಯುತ್ತದೆ. ಕೆಲವು ದಿನಗಳ ತರುವಾಯ ಮರಿಗಳು ಮಳೆಯೊಡನೆ ತೊಟ್ಟಿಕ್ಕಿ ಕೆಳಗಿನ ನೀರಿಗೆ ಬೀಳುತ್ತವೆ. ಎಲೆಯ ಕೆಳಗೆ ನೀರಿರಬೇಕು. ಇಲ್ಲದಿದ್ದರೆ ಆ ತಾಯಿಯ ಶ್ರಮವೆಲ್ಲವೂ ವ್ಯರ್ಥ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ.

ಇರುಳಿನಲ್ಲಿ ಪಟ ತೆಗೆಯಲು ಬೆಳಕನ್ನು ನಾವೇ ಒಯ್ಯಬೇಕು. ಈ ಕೃತಕ ಮಿಂಚಿನ ಚರಿತ್ರೆಯು ಸ್ವಾರಸ್ಯವಾದುದು. ೧೮೮೭ರಲ್ಲಿ ಜರ್ಮನಿಯಲ್ಲಿ ಮೆಗ್ನೀಸಿಯಂ ಪುಡಿಗೆ ಸ್ಫೋಟಕ ಲವಣವನ್ನು ಬೆರೆಸಿ ಹೊತ್ತಿಸುವ ಉಪಾಯವನ್ನು ಕಂಡುಹಿಡಿದರು. ಅದು ಬೆಳಕಿನೊಡನೆ ಹೊಗೆಯನ್ನೂ ಸದ್ದನ್ನೂ, ಆಗಾಗ ಪಟ ತೆಗೆಯುವವನ ಕೈಗೆ ಸುಟ್ಟಗಾಯವನ್ನೂ ಕೊಡುತ್ತಿತ್ತು. ಅಮೆರಿಕದ ಜಾರ್ಜ್ ಶಿರಾಸ್ ಎಂಬವರು ರಾತ್ರಿ ದೋಣಿಯಲ್ಲಿ ಕುಳಿತು ಕೆರೆಯಂಚಿನ ಜಿಂಕೆಗಳನ್ನು ಹೀಗೆ ಚಿತ್ರಿಸಿದರು. ಆ ಪಟಗಳು ೧೯೦೬ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಬಂದು ಜನರನ್ನು ಬೆರಗುಗೊಳಿಸಿದುವು. ನಮ್ಮ ದೇಶದಲ್ಲಿ ಅರಣ್ಯಾಧಿಕಾರಿಯಾಗಿದ್ದ ಎಫ್. ಡಬ್ಲ್ಯು. ಚಾಂಪಿಯನ್ ಅವರು ಕಾಡಿನ ದಾರಿಗೆ ಅಡ್ಡಲಾಗಿ ತಂತಿ ಕಟ್ಟಿ, ಹುಲಿಯೇ ಅದನ್ನು ಮೆಟ್ಟಿ ತನ್ನ ಪಟವನ್ನು ತಾನೇ ತೆಗೆದುಕೊಳ್ಳುವಂತೆ ಏರ್ಪಡಿಸಿದರು. ಅವರ ಮೊದಲ ಪುಸ್ತಕವು ೧೯೨೭ರಲ್ಲಿ ಪ್ರಕಟವಾಯಿತು. ಆಮೇಲೆ ಗಾಜಿನ ಬುರುಡೆಗಳು ಬಂದುವು, ವಿದ್ಯುತ್ತಿನ ಫ್ಲಾಶು ಬಂದಿತು. ಈಗ ಅಂಗೈಯಗಲದ ಪೆಟ್ಟಿಗೆಯೊಂದು ಹೊಗೆ ಸದ್ದುಗಳಿಲ್ಲದೆ ಕ್ಷಣಾರ್ಧದಲ್ಲಿ ರಾತ್ರಿಯನ್ನು ಹಗಲು ಮಾಡುತ್ತದೆ. ಹೊಗೆ ಸದ್ದುಗಳಿಲ್ಲದುದರಿಂದಲೇ ಅದರಿಂದ ಯಾರಿಗೂ ತೊಂದರೆಯಿಲ್ಲವೆಂದು ನಾನು ಭ್ರಮಿಸಿದೆ.

ಆರಿದ್ರಾ ಮಳೆಯ ಒಂದು ರಾತ್ರಿ ಕಂಬಳಿಕೊಪ್ಪೆ ಹಾಕಿಕೊಂಡು, ಕಾಲಿಗೆ ಇಂಬಳ ಹತ್ತದಂತೆ ಸುಣ್ಣ ಹೊಗೆಸೊಪ್ಪು ಬಳಿದುಕೊಂಡು ಕೆರೆಗೆ ಹೋದೆ. ಕ್ಯಾಮೆರಾದ ನೆತ್ತಿಯ ಮೇಲೆ ಫ್ಲಾಶನ್ನು ಸಿಕ್ಕಿಸಿ, ಪೂರ್ಣ ಶಕ್ತಿಗೆ ತಿರುಗಿಸಿ, ಕಪ್ಪೆಗಳಿಗೆ ನೇರವಾಗಿ ಹಿಡಿದು ಒಂದಾದ ಮೇಲೊಂದು ಪಟ ತೆಗೆದೆ. ಮೊದಲನೆಯ ಮಿಂಚಿಗೆ ಕೆರೆಯ ಕೂಗೆಲ್ಲ ಒಮ್ಮೆಲೆ ನಿಂತಿತು. ಇಷ್ಟೆಲ್ಲ ಮಾಡಿಯೂ ಬಂದ ಪಟಗಳೋ ದೇವರಿಗೇ ಪ್ರೀತಿ. ತೋಯ್ದ ಮೈಯ ಹೊಳಪು ಸುಣ್ಣದ ಪಟ್ಟೆಯಂತೆ ಕಾಣುತ್ತಿತ್ತು, ಕಣ್ಣುಗಳು ಕೆಂಡದಂತಿದ್ದುವು, ಮಳೆಹನಿಗಳು ಅವಲಕ್ಕಿ ಚೆಲ್ಲಿದಂತೆ ಪಟದ ತುಂಬ ಬಿಳಿಯ ಚುಕ್ಕೆಗಳಾಗಿದ್ದುವು. ಛಲ ಹತ್ತಿ ಮಾರನೆಯ ರಾತ್ರಿ ಮತ್ತೆ ಹೋದೆ. ಅಂದು ಒಂದು ಹೆಣ್ಣು ನೀರಿನ ಮೇಲಿನ ಎಲೆಯೊಂದರಲ್ಲಿ ಆಗತಾನೆ ನೊರೆಯನ್ನು ಕಡೆಯತೊಡಗಿತ್ತು. ನನ್ನ ಸಂತೋಷಕ್ಕೆ ಪಾರವೇ ಇಲ್ಲ. ಐವತ್ತಕ್ಕೆ ಕಡಮೆಯಿಲ್ಲದಂತೆ ಮಿಂಚುಗಳನ್ನು ಅದರ ಕಣ್ಣಿಗೆ ಎರಚಿದೆ. ಸ್ವಲ್ಪ ಹೊತ್ತು ಅದು ಕಲ್ಲಾಗಿ ಕುಳಿತಿತು. ಆಮೇಲೆ ಬೆನ್ನ ಮೇಲಿನ ಗಂಡಿನೊಡನೆ ಮೆಲ್ಲಮೆಲ್ಲನೆ ಕೊಂಬೆ ಹಿಡಿದು ಹಿಂದಕ್ಕೆ ಸರಿಯಿತು. ನಾನು ಮನೆಗೆ ಬಂದು ಮಲಗಿದೆ.

ಬೆಳಗ್ಗೆ ಹೋಗಿ ನೋಡಿದರೆ, ನೀರಿನ ಮೇಲಿನ ಎಲೆಯಲ್ಲಿ ಒಂದು ಹಿಡಿ ನೊರೆ ಮಾತ್ರವಿತ್ತು. ದೊಡ್ಡ ಮುದ್ದೆಯು ನಾಲ್ಕು ಮೊಳ ಈಚೆಗೆ, ನಾವು ನಡೆದಾಡುವ ಏರಿಯ ದಾರಿಯ ಮೇಲಿನ ಕಾಫಿ ಎಲೆಯಲ್ಲಿತ್ತು. ಅದರ ಕೆಳಗೆ ನೀರಿಲ್ಲ, ಕಲ್ಲುನೆಲ. ಆ ಕಪ್ಪೆ ನನ್ನ ಬೆಳಕಿನಿಂದಲೇ ದಾರಿ ತಪ್ಪಿತೆಂದು ನ್ಯಾಯಸ್ಥಾನದಲ್ಲಿ ರುಜುವಾತು ಮಾಡಲಾಗದು. ಆದರೆ ನನ್ನ ಮನಸ್ಸಿಗೆ ರುಜುವಾತು ಬೇಕಾಗಿರಲಿಲ್ಲ. ಬೆಳಕಿನಿಂದ ಕತ್ತಲೆಗೆ ಬಂದ ನಮ್ಮ ಕಣ್ಣು ಪೂರ್ತಿಯಾಗಿ ಹೊಂದಿಕೊಳ್ಳುವುದಕ್ಕೆ ಅರ್ಧಗಂಟೆಯ ಹೊತ್ತು ಹಿಡಿಯುತ್ತದೆ. ಇರುಳಿನ ಸಣ್ಣ ಬೆಳಕಿಗೆಂದೇ ಅರಳಿದ ಆ ಕಪ್ಪೆಯ ದೊಡ್ಡ ಕಣ್ಣುಗಳಿಗೆ ನಾನು ಐವತ್ತು ಬಾರಿ ಮಧ್ಯಾಹ್ನವನ್ನು ತೋರಿಸಿದ್ದೆ. ಎಲೆಯ ಕೆಳಗೆ ಒಂದು ಅಗಲವಾದ ಬಾಂಡಲಿಯಲ್ಲಿ ನೀರಿಟ್ಟು ಬಂದೆ. ಮಳೆ ಎರಡು ದಿನ ಹೊಳವಾಯಿತು. ಮೂರನೆಯ ದಿನ ನೋಡಿದಾಗ ಬಾಂಡಲಿ ಮಗುಚಿತ್ತು, ದನ ತಿವಿದಿತ್ತೋ ಏನೋ. ನೊರೆಯು ಒಣಗಿ ಹಪ್ಪಳದಂತಾಗಿತ್ತು. ಈ ಸಂಗತಿಯನ್ನು ತಾಯಿಗೆ ನಾನು ಹೇಳಲಿಲ್ಲ.

ಹದಿನೈದು ದಿನ ಕ್ಯಾಮೆರಾವನ್ನು ಮುಟ್ಟಲಿಲ್ಲ. ಆ ಬಿಡುವಿನಲ್ಲಿ ಬೆಳಕಿನ ಧರ್ಮವನ್ನು ಕುರಿತು ಓದಿದೆ. ನಾನು ಶಾಲೆಯಲ್ಲಿ ಮಕ್ಕಳಿಗೆ ಎಷ್ಟೋ ವರ್ಷ ಹೇಳಿಕೊಟ್ಟಿದ್ದ ಪಾಠವೇ ಅದು: ದೂರವು ಎರಡರಷ್ಟಾದರೆ ಬೆಳಕು ಕಾಲುಭಾಗವಾಗುತ್ತದೆ. ಎಂದಮೇಲೆ, ಎರಡು ಮೊಳ ದೂರದಿಂದ ಬೇಕಾಗುವ ಬೆಳಕಿನ ಕಾಲುಭಾಗವು ಒಂದು ಮೊಳ ದೂರದಿಂದ ಸಾಕು. ನಾನು ದೂರದಲ್ಲಿಯೇ ನಿಂತು ಫ್ಲಾಶನ್ನು ಮಾತ್ರ ಹತ್ತಿರ ಇಟ್ಟರೆ, ಅದರ ಶಕ್ತಿಯನ್ನು ಬಹಳವಾಗಿ ತಗ್ಗಿಸಬಹುದು. ಮಳೆಹನಿಗಳು ಅವಲಕ್ಕಿಯಾಗುವುದೂ ಇದೇ ನಿಯಮದಿಂದ. ನೆತ್ತಿಯ ಮೇಲಣ ಫ್ಲಾಶಿಗೆ ಕಪ್ಪೆಗಿಂತ ಹನಿಗಳೇ ಸಮೀಪವಾದುದರಿಂದ ಅವು ಹೆಚ್ಚು ಬೆಳಗುತ್ತವೆ. ಪಕ್ಕದಿಂದ ಬೆಳಕು ಹಾಯಿಸಿದರೆ ಲೆನ್ಸಿನ ಮುಂದಿನ ಹನಿಗಳು ಕತ್ತಲೆಯಲ್ಲಿಯೇ ಉಳಿಯುತ್ತವೆ. ಕಣ್ಣಿನ ಕೆಂಡವೂ ಆರುತ್ತದೆ. ಮೈಯ ಮೇಲಿನ ಸುಣ್ಣದ ಪಟ್ಟೆ ಹೋಗಬೇಕಾದರೆ ಬೆಳಕಿನ ಮುಖವನ್ನು ಅಗಲ ಮಾಡಬೇಕು. ಹಳೆಯ ಪಂಚೆಯ ತುಂಡೊಂದನ್ನು ಬಿದಿರ ಕಡ್ಡಿಯ ಚೌಕಟ್ಟಿಗೆ ಬಿಗಿದು ಫ್ಲಾಶಿನ ಮುಂದೆ ಕಟ್ಟಿದೆ. ಶಕ್ತಿಯನ್ನು ಹದಿನಾರರಲ್ಲಿ ಒಂದು ಪಾಲಿಗೆ ಇಳಿಸಿದೆ. ಇಷ್ಟು ಇಳಿಸಿದಾಗ ಮಿಂಚಿನ ಆಯುಸ್ಸೂ ಕಡಮೆಯಾಗಿ, ಒಂದು ಸೆಕೆಂಡಿನ ಹತ್ತುಸಾವಿರದಲ್ಲೊಂದು ಭಾಗದ ಆಸುಪಾಸಿಗೆ ಬರುತ್ತದೆ; ಕಡೆಯುವ ಕಾಲೂ ಆ ಕ್ಷಣದಲ್ಲಿ ನಿಂತಂತೆ ಪಟದಲ್ಲಿ ಮೂಡುತ್ತದೆ. ಗುರಿ ನೋಡಲು ಟಾರ್ಚಿಗೆ ಕೆಂಪು ಗಾಜುಕಾಗದವನ್ನು ಸುತ್ತಿದೆ. ಎಲ್ಲಕ್ಕಿಂತ ಮಿಗಿಲಾಗಿ, ಒಂದು ರಾತ್ರಿಗೆ ಐದೇ ಮಿಂಚು, ಕೂಗು ನಿಂತರೆ ಮತ್ತೆ ಕೂಗುವ ತನಕ ಕೈಕಟ್ಟಿ ಕುಳಿತಿರಬೇಕು ಎಂದು ನನಗೆ ನಾನೇ ಕಟ್ಟಳೆ ವಿಧಿಸಿಕೊಂಡೆ.

ಪುನರ್ವಸು ಮಳೆಯ ಕೊನೆಯ ಪಾದದಲ್ಲಿ ಪಟವು ಒದಗಿತು. ಏರಿಯ ಬದಿಯ ಅತ್ತಿಯ ಕೊಂಬೆಯನ್ನು ಹಿಡಿದು ಎಂದಿನಂತೆ ಕೆಳಗಿಳಿದು, ಕಲ್ಲಿನ ಮೆಟ್ಟಿಲ ಮೇಲೆ ಹಿಂದಿರುಗಿ ಕುಳಿತು, ಫ್ಲಾಶು ಕಟ್ಟಿದ ಬಿದಿರ ಕೋಲನ್ನು ಪೊದೆಯ ಎಡಗಡೆ ನೆಟ್ಟೆ. ಎರಡು ಗಂಟೆ ಕಾದ ಮೇಲೆ ಒಂದು ಜೋಡಿ ನೊರೆ ಕಡೆಯತೊಡಗಿತು. ಮೊದಲನೆಯ ಮಿಂಚಿಗೆ ಕೂಗು ತುಸು ಅಳುಕಿತು, ನಿಲ್ಲಲಿಲ್ಲ. ಹೆಣ್ಣು ಕಡೆಯುತ್ತಲೇ ಇತ್ತು. ನಾಲ್ಕು ಪಟ ತೆಗೆದು, ಐದನೆಯದನ್ನು ಬಿಟ್ಟು ಎದ್ದುಬಂದೆ. ಬೆಳಗ್ಗೆ ಹೋಗಿ ನೋಡಿದೆ. ನೊರೆಯ ಮುದ್ದೆ ಅದೇ ಎಲೆಯಲ್ಲಿ, ನೀರಿನ ಮೇಲೆಯೇ ಇತ್ತು. ಪಟಕ್ಕಿಂತ ಅದನ್ನು ಕಂಡು ಹೆಚ್ಚು ಸಂತೋಷವಾಯಿತೆಂದರೆ ಅತಿಶಯೋಕ್ತಿಯಲ್ಲ.

ಇನ್ನು ಪಟವನ್ನು ತಿದ್ದುವ ಕೆಲಸ. ಈಗಿನ ಕ್ಯಾಮೆರಾ ತಾನು ಕಂಡುದನ್ನು ಕಚ್ಚಾರೂಪದಲ್ಲಿ ಕೂಡಿಟ್ಟು ಕೊಡುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ಹದಮಾಡುವುದು, ಕುಯ್ದ ಭತ್ತವನ್ನು ಅಕ್ಕಿ ಮಾಡಿದಂತೆ. ರಜೆಗೆ ಬಂದಿದ್ದ ಮಗಳು ಪಕ್ಕದಲ್ಲಿ ಕುಳಿತು ಕಲಿಸಿದಳು. ಫ್ಲಾಶಿನ ನೀಲಿಛಾಯೆಯನ್ನು ಸರಿಪಡಿಸಿ ಹಸುರನ್ನು ನಿಜವಾದ ಹಸುರು ಮಾಡಿದೆವು. ಮರಳಿನಂಥ ಕಾಳುಗಳನ್ನು ಅಳಿಸಿದೆವು. ಹಿನ್ನೆಲೆಯಲ್ಲಿ ಮಸುಕಾಗಿ ಏನೇನೋ ಕೊಂಬೆ ಕಡ್ಡಿಗಳಿದ್ದಂತಿತ್ತು. ‘ಇದೆಲ್ಲ ಕಣ್ಣಿಗೆ ಅಡ್ಡ ಅಪ್ಪಯ್ಯ, ಪೂರ್ತಿ ಕಪ್ಪು ಮಾಡಿದರೆ ಕಪ್ಪೆ ಎದ್ದು ಕಾಣುತ್ತೆ’ ಎಂದಳು ಮಗಳು. ಮಾಡಿದೆವು. ಕಪ್ಪು ಮಕಮಲ್ಲಿನ ಮೇಲೆ ಪಚ್ಚೆಯ ಆಭರಣವಿಟ್ಟಂತೆ ಪಟ ಶೋಭಿಸಿತು. ಚೌಕಟ್ಟು ಹಾಕಿಸಿ ಅಜ್ಜಯ್ಯನವರ ಪಕ್ಕದಲ್ಲಿ ತೂಗುಹಾಕಿದ್ದಾಯಿತು. ತಾಯಿ ಹತ್ತಿರ ನಿಂತು ತಡವಿ ನೋಡಿ, “ಹಸುರು ಏನೋ ಕಾಣುತ್ತೆ ಮಗಾ” ಎಂದರು, ಅಷ್ಟೆ.

ಆ ಮಾಘದಲ್ಲಿ ಅವರ ಎರಡು ಕಣ್ಣುಗಳ ಪೊರೆಯನ್ನೂ ತೆಗೆಸಿದೆವು. ಹೊಸ ಕಣ್ಣಿನಿಂದ ನೋಡಲು ಪಟವು ಇನ್ನಷ್ಟು ಬೆಳ್ಳಗಿರಲೆಂದು, ನಾನು ಮೂಲವನ್ನು ಮತ್ತೆ ತೆರೆದು ಮೊದಲಿನಿಂದ ಕೆಲಸ ಮಾಡತೊಡಗಿದೆ. ಸಾಧಾರಣವಾದ ಪಟದಲ್ಲಿ ಕಪ್ಪಿನಿಂದ ಬಿಳುಪಿಗೆ ಒಂದೊಂದು ಬಣ್ಣಕ್ಕೂ ೨೫೬ ಮೆಟ್ಟಿಲುಗಳಿದ್ದರೆ, ನನ್ನ ಕ್ಯಾಮೆರಾದ ಕಚ್ಚಾರೂಪದಲ್ಲಿ ೧೬,೩೮೪ ಮೆಟ್ಟಿಲುಗಳಿವೆ. ಆದುದರಿಂದ ನಮ್ಮ ಕಣ್ಣಿಗೆ ಬರಿಯ ಕಪ್ಪಾಗಿ ಕಾಣುವ ಕಡೆಯಲ್ಲಿಯೂ ಬೆಳಕಿನ ನೆನಪು ಉಳಿದಿರುತ್ತದೆ. ಕತ್ತಲೆಯನ್ನು ಮೆಲ್ಲಗೆ ಮೇಲೆತ್ತುತ್ತ ಬಂದೆ. ಕಪ್ಪೆಯ ಹಿಂದೆ ಮೂರು ಮೊಳದಾಚೆ, ಪಟದ ಬಲಮೂಲೆಯಲ್ಲಿ, ಅತ್ತಿಯ ಕೊಂಬೆ ಕಾಣಿಸಿಕೊಂಡಿತು. ಕೊಂಬೆಯ ಮೇಲೆ ಸುತ್ತಿದ ಹಗ್ಗದಂಥದೊಂದು. ಇನ್ನೂ ಎತ್ತಿದೆ. ಹಗ್ಗಕ್ಕೆ ತ್ರಿಕೋನಾಕಾರದ ತಲೆಯಿತ್ತು. ಗುಳಿಮಂಡಲ! ಮಸುಕಾಗಿದ್ದರೂ ಸಂಶಯಕ್ಕೆ ಎಡೆಯಿರಲಿಲ್ಲ. ಮಳೆಗಾಲದ ರಾತ್ರಿಗಳಲ್ಲಿ ಕಪ್ಪೆಗಾಗಿ ಹೊಂಚುಹಾಕಿ ಗಂಟೆಗಟ್ಟಲೆ ಅಲುಗದೆ ಕೂರುವ ವಿಷದ ಹಾವು ಅದು. ಕಚ್ಚಿದರೆ ಪ್ರಾಣ ಹೋಗುವುದು ಅಪರೂಪವಾದರೂ ನೋವು ಬಾವುಗಳು ಸಾಮಾನ್ಯವಲ್ಲ. ನಾನು ಹಿಡಿದು ಇಳಿಯುತ್ತಿದ್ದುದು ಅದೇ ಕೊಂಬೆಯನ್ನು. ಹಾವಿನ ಸುರುಳಿಗೂ ನನ್ನ ಕೈ ತಾಗಿದ ಜಾಗಕ್ಕೂ ಗೇಣು ಅಂತರವೂ ಇರಲಿಲ್ಲ. ಎದ್ದು ಒಂದು ಚೊಂಬು ನೀರು ಕುಡಿದೆ.

ಭಯವು ಇಳಿದ ಮೇಲೆ ನಾಚಿಕೆ ಹುಟ್ಟಿತು. ಆ ರಾತ್ರಿ ಕೆರೆಯ ಬಳಿ ನಾವು ಮೂವರಿದ್ದೆವು: ಕಪ್ಪೆ, ಹಾವು, ನಾನು. ಕಪ್ಪೆಗೆ ಹಾವಿನ ಅಂಜಿಕೆ, ಹಾವಿಗೆ ಕಪ್ಪೆಯ ಆಸೆ. ಕಡೆಯುವ ಆ ತಾಯಿ ತನ್ನ ಸಂತಾನವನ್ನು ಕಟ್ಟುತ್ತಿದ್ದುದು ಮೃತ್ಯುವಿನ ಎದುರಿನಲ್ಲಿ. ಪಟದ ಅರ್ಥವೆಲ್ಲ ಅಲ್ಲಿಯೇ ಇತ್ತು. ನಾನೋ ಅಂದಕ್ಕಾಗಿ ಅದರ ಮೇಲೆ ಮಸಿ ಬಳಿದು ತೂಗುಹಾಕಿದ್ದೆ. ಮೊದಲು ಹೆಚ್ಚು ಬೆಳಕಿನಿಂದ ಒಂದು ತಪ್ಪನ್ನು ಮಾಡಿದ್ದೆ. ಆಮೇಲೆ ಹೆಚ್ಚು ಕತ್ತಲೆಯಿಂದ ಇನ್ನೊಂದನ್ನು. ಎರಡರ ಬೇರೂ ಒಂದೇ: ಅಲ್ಲಿರುವುದೆಲ್ಲ ನನ್ನ ಪಟಕ್ಕಾಗಿ ಇದೆಯೆಂಬ ಭಾವನೆ.

ಡಾ. ಉಲ್ಲಾಸ ಕಾರಂತರು ನಾಗರಹೊಳೆಯ ಕಾಡಿನಲ್ಲಿ ಹುಲಿಗಳನ್ನು ಲೆಕ್ಕಹಾಕಿದ ರೀತಿಯು ಆಗ ನೆನಪಿಗೆ ಬಂದಿತು. ದಾರಿಯ ಎರಡು ಬದಿಗೂ ಕ್ಯಾಮೆರಾ ಮತ್ತು ಫ್ಲಾಶುಗಳನ್ನಿಟ್ಟು, ಹುಲಿಯ ಎರಡು ಮಗ್ಗುಲುಗಳ ಪಟಗಳನ್ನೂ ತೆಗೆದು, ಪಟ್ಟೆಗಳನ್ನು ಹೋಲಿಸಿ ಇದು ಇಂಥ ಹುಲಿಯೆಂದು ಗುರುತಿಸುವ ಆ ಕ್ರಮವನ್ನು ವಿವರಿಸುವ ಅವರ ಪ್ರಬಂಧವು ೧೯೯೫ರಲ್ಲಿ ಪ್ರಕಟವಾಯಿತು. ಒಂದು ಹುಲಿಯ ಪಟ್ಟೆಯಂತೆ ಇನ್ನೊಂದರದು ಇರುವುದಿಲ್ಲ. ಪಟ್ಟೆಯೇ ಅದರ ಹೆಸರು. ಅಂದವಾಗಲೆಂದು ಯಾರಾದರೂ ಆ ಪಟದಲ್ಲಿ ಒಂದು ಪಟ್ಟೆಯನ್ನು ಒರಸಿದರೆ, ಒಂದು ಹುಲಿಯೇ ಲೆಕ್ಕದಿಂದ ಮಾಯವಾದೀತು. ನನ್ನ ಮನೆಯ ಗೋಡೆಯ ಪಟಕ್ಕೆ ಅಷ್ಟು ಘನತೆಯಿಲ್ಲ, ನಿಜ. ಆದರೂ ಧರ್ಮ ಒಂದೇ.

ಹಾವು ಕಾಣುವಂತೆ ಹೊಸದಾಗಿ ಅಚ್ಚುಹಾಕಿಸಿದ ಪಟವನ್ನು ತಾಯಿಯ ಮುಂದೆ ಹಿಡಿದೆ. ಅವರು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು. “ಅಯ್ಯೋ, ಇಷ್ಟು ಚಂದಾನಾ ಇದು!” ಎಂದರು. ಮೂಲೆಯ ಕಡೆಗೆ ಬೆರಳಿಟ್ಟು, “ಇದ್ಯಾಕೆ ಮುಂಚಿನ ಪಟದಲ್ಲಿ ಇರಲಿಲ್ಲ?” ಎಂದು ಕೇಳಿದರು. ಅಳಿಸಿದ್ದೆವೆಂದು ಒಪ್ಪಿಕೊಂಡೆ. ಮಾತು ಬಂದಾಗ ಒಣಗಿಹೋದ ಆ ನೊರೆಯ ಸಂಗತಿಯನ್ನೂ ಹೇಳಿಬಿಟ್ಟೆ. ಅವರು ಬಯ್ಯಲಿಲ್ಲ. ಗೋಡೆಯ ಮೇಲಿನ ತಮ್ಮ ತಂದೆಯ ಪಟವನ್ನು ನೋಡುತ್ತ ಹೀಗೆಂದರು:

“ನಮ್ಮ ಅಪ್ಪಯ್ಯನ ಮುಖದ ತುಂಬ ಸಿಡುಬಿನ ಕಲೆ ಇತ್ತು ಕಣೋ. ಪಟದೋನು ಸೀಸದ ಕಡ್ಡಿಯಲ್ಲಿ ಎಲ್ಲಾನೂ ತಿದ್ದಿ ನುಣ್ಣಗೆ ಮಾಡಿಕೊಟ್ಟ. ಎಲ್ಲಾರೂ ಚಂದ ಆಯ್ತು ಅಂದರು. ನಾನು ಸಣ್ಣೋಳಿದ್ದಾಗ ಅವರ ಮಡಿಲಲ್ಲಿ ಕೂತು ಆ ಕಲೆಗಳನ್ನ ಬೆರಳಲ್ಲಿ ಎಣಿಸ್ತಿದ್ದೆ. ಈಗ ಅವರ ಮುಖ ನೆನಪಿಗೆ ತಂದ್ಕೊಳ್ಳೋಕೆ ಹೋದರೆ ಈ ನುಣ್ಣನೆ ಮುಖಾನೇ ಅಡ್ಡ ಬರುತ್ತೆ.”

ಆ ಪಟವು ಹುಟ್ಟಿದಾಗಿನಿಂದ ನಾನು ನೋಡುತ್ತ ಬಂದ ಪಟ. ಆ ಮುಖ ಅಜ್ಜಯ್ಯನವರದಲ್ಲವೆಂದು ನನಗೆ ಅಂದು ತಿಳಿಯಿತು. ಗಾಜಿನ ನೆಗೆಟಿವಿನ ಮೇಲೆ ಸೀಸದ ಕಡ್ಡಿ ಆಡಿಸುವುದು ಆ ಕಾಲದ ಪಟದಂಗಡಿಗಳಲ್ಲೆಲ್ಲ ನಡೆಯುತ್ತಿದ್ದ ಪದ್ಧತಿ. ಗಿರಾಕಿಯನ್ನು ಮೆಚ್ಚಿಸಲು ಹಾಗೆ ಮಾಡುತ್ತಿದ್ದರೇ ಹೊರತು ಕೆಟ್ಟ ಉದ್ದೇಶವೇನೂ ಇರಲಿಲ್ಲ. ಆದರೆ ಅಳಿಸಿದುದನ್ನು ಮತ್ತೆ ಬರೆಯುವ ಕಡ್ಡಿ ಯಾರ ಬಳಿಯೂ ಇಲ್ಲ. ನನ್ನ ಕಪ್ಪೆಯ ಪಟಕ್ಕೆ ಮೂಲವು ಉಳಿದಿತ್ತು. ಅಜ್ಜಯ್ಯನವರ ಕಲೆಗಳಿಗೆ ಎಂಬತ್ತು ದಾಟಿದ ಮಗಳ ಬೆರಳುಗಳ ನೆನಪೊಂದೇ ಮೂಲ.

ಪಟವನ್ನು ತಿದ್ದುವುದನ್ನು ನಾನು ಬಿಟ್ಟಿಲ್ಲ. ಬೆಳಕಿನ ಛಾಯೆಯನ್ನು ಸರಿಪಡಿಸುತ್ತೇನೆ, ಯಂತ್ರದ ಧೂಳನ್ನು ತೆಗೆಯುತ್ತೇನೆ, ಓರೆಯಾದುದನ್ನು ನೆಟ್ಟಗೆ ಮಾಡುತ್ತೇನೆ. ಯಂತ್ರವು ಸೇರಿಸಿದುದನ್ನು ಕಳೆಯಬಹುದು, ಇರುಳು ಇರಿಸಿದುದನ್ನು ಕಳೆಯಬಾರದು ಎಂಬುದು ನಾನು ಹಾಕಿಕೊಂಡ ಗೆರೆ. ಮಳೆಯ ಹನಿ ಬಿದ್ದಿದ್ದರೆ ಬಿದ್ದಿರಲಿ. ಕೆರೆಗೆ ಹೋದಾಗ ಕೊಂಬೆಯನ್ನು ಹಿಡಿಯುವ ಮೊದಲು ಕೋಲಿನಿಂದ ಸವರಿ ನೋಡುತ್ತೇನೆ. ಐದು ಮಿಂಚಿನ ಕಟ್ಟಳೆಯನ್ನು ಈ ವರ್ಷ ಮೂರಕ್ಕೆ ಇಳಿಸಿದ್ದೇನೆ, ಪಟಗಳೇನೂ ಕಡಮೆಯಾಗಿಲ್ಲ.

ಜಗಲಿಯ ಆ ಎರಡು ಪಟಗಳು ಅಕ್ಕಪಕ್ಕದಲ್ಲಿ ಏಕಿವೆಯೆಂಬುದು ವಾಚಕರಿಗೆ ಈಗ ತಿಳಿದಿರಬಹುದು. ನೆಂಟರು ಕಪ್ಪೆಯನ್ನು ನೋಡಿ ನಗುವಾಗ ನಾನು ಸುಮ್ಮನಿರುತ್ತೇನೆ. ಸ್ವಲ್ಪ ಹೊತ್ತು ನಿಂತು ನೋಡಿದವರು ಮಾತ್ರ ಮೂಲೆಯಲ್ಲಿರುವುದನ್ನು ಕಂಡು ಬೆಚ್ಚುತ್ತಾರೆ. ಆಗ ಒಳಗಿನಿಂದ ನನ್ನ ತಾಯಿ, “ಕಪ್ಪೆ ಕೂಗಿದಲ್ಲಿ ಅದೂ ಇರಲೇಬೇಕಲ್ಲ, ಹೆದರಬೇಡಿ, ಕಾಫಿ ಕುಡೀರಿ” ಎಂದು ಕೂಗಿ ಹೇಳುತ್ತಾರೆ.